ಬೇಲಿಯಿಲ್ಲದ ಕ್ಯಾಂಪು, ಆನೆ, ನೀರಾನೆ, ಹಾವು, ನೊಣ: ಆಫ್ರಿಕಾದಲ್ಲಿ ಇರುವವರಿಗೆ, ಹೊರಟವರಿಗೆ

ಕಬಿನಿಕರೆ
ಜುಲೈನಲ್ಲಿ ಬೋಟ್ಸ್ವಾನಾದ ಮೌನ್‌ನಿಂದ ಹೊರಟು ಮೊರೆಮಿ, ಖ್ವಾಯ್, ಸವೂಟಿ ಕಾಡುಗಳ ಮೂಲಕ ಕಾಸಾನೆ ಸೇರುವ ಯೋಜನೆ ಇದೆ. ಬಾಡಿಗೆ ಹೈಲಕ್ಸ್ ಪಿಕಪ್ ಗಾಡಿ, ಅದರ ನೆತ್ತಿಯ ಮೇಲೆ ಬಿಚ್ಚುವ ಎರಡು ಟೆಂಟ್. ನಾಲ್ಕು ಜನ, ಅವರಲ್ಲಿ ಇಬ್ಬರು 65 ದಾಟಿದ ಹಿರಿಯರು. ನಾಗರಹೊಳೆ, ಬಂಡೀಪುರದಲ್ಲಿ ಇಲಾಖೆಯ ಗಾಡಿ, ಇಲಾಖೆಯ ಚಾಲಕ. ಕತ್ತಲಾಗುವ ಮೊದಲು ಹೊರಗೆ. ಇಲ್ಲಿ ನಾವೇ ಓಡಿಸಬೇಕು, ರಾತ್ರಿ ಕಾಡಿನೊಳಗೇ ಮಲಗಬೇಕು. ಸಿಂಹ ಬಂದರೆ ಏನು, ಆನೆ ಬಂದರೆ ಏನು, ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮುರಂರಸ್ತೆ
ಕಬಿನಿಕರೆ ಅವರೇ, ಗಾಡಿಯೊಳಗೆ ಕೂತಿರುವಷ್ಟು ಹೊತ್ತು ಸಿಂಹದಿಂದ ನಿಮಗೆ ಅಪಾಯ ಬಹಳ ಕಡಿಮೆ. ಅನಾಹುತಗಳು ಆಗುವುದು ಗಾಡಿಯಿಂದ ಇಳಿದ ಮೇಲೆ: ಟೆಂಟಿನಿಂದ ಶೌಚಾಲಯಕ್ಕೆ ನಡೆಯುವಾಗ, ನೀರಿನ ಅಂಚಿನಲ್ಲಿ, ಊಟದ ಸಾಮಾನು ಹೊರಗೆ ಬಿಟ್ಟಾಗ, ಮರಳಿನಲ್ಲಿ ಹೂತ ಗಾಡಿಯನ್ನು ಬಿಡಿಸುವಾಗ. ಆದ್ದರಿಂದ ಮೊದಲು ಕ್ಯಾಂಪಿನ ವಿಷಯ.

ಮೊರೆಮಿಯ ಸೌತ್ ಗೇಟ್, ಥರ್ಡ್ ಬ್ರಿಜ್, ಸವೂಟಿ, ಈ ಯಾವ ಕ್ಯಾಂಪಿಗೂ ಬೇಲಿ ಇಲ್ಲ. ನಿಮಗೆ ಕೊಟ್ಟ ಜಾಗದೊಳಗೆ ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ, ಅದಕ್ಕೆ ಹತ್ತು ನಿಮಿಷ ಕೊಡಿ. ಬೆಳಕಿರುವಾಗಲೇ ತಲುಪಿ ಸುತ್ತ ಒಂದು ಸುತ್ತು ನೋಡಿ. ಹುಲ್ಲಿನ ನಡುವೆ ಮಟ್ಟಸವಾಗಿ ಸವೆದ ದಾರಿ ಕಂಡರೆ ಅದು ಆನೆಯದೋ ನೀರಾನೆಯದೋ ಆಗಿರುತ್ತದೆ, ಅದಕ್ಕೆ ಅಡ್ಡ ನಿಲ್ಲಿಸಬೇಡಿ. ನೀರಾನೆ ಬಾಲದಿಂದ ಲದ್ದಿಯನ್ನು ಪೊದೆಗಳ ಮೇಲೆ ಎರಚಿರುತ್ತದೆ, ಆ ಗುರುತು ತಪ್ಪುವಂಥದ್ದಲ್ಲ. ಕಾಯಿ ಉದುರುವ ಜಾಲಿಯ ಕೆಳಗೆ, ಮರುಲಾ ಹಣ್ಣಿನ ಕಾಲದಲ್ಲಿ ಮರುಲಾ ಮರದ ಕೆಳಗೆ ಟೆಂಟ್ ಬೇಡ, ಆನೆ ತಿನ್ನಲು ಬಂದೇ ಬರುತ್ತದೆ. ಸಾಸೇಜ್ ಮರದ ನೆರಳು ಆಸೆ ಹುಟ್ಟಿಸುತ್ತದೆ, ಆದರೆ ಅದರ ಒಂದೊಂದು ಕಾಯಿಯೂ ಹಲವು ಕಿಲೋ ತೂಗುತ್ತದೆ. ತಲೆಯ ಮೇಲೆ ಬಿದ್ದರೆ ಪ್ರಾಣಕ್ಕೇ ಕುತ್ತು.

ಜುಲೈನಲ್ಲಿ ಅಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಅಡುಗೆ, ಊಟ, ಪಾತ್ರೆ ಎಲ್ಲ ಅಷ್ಟರೊಳಗೆ ಮುಗಿಯಬೇಕು. ಅನ್ನ ಬಸಿದ ಗಂಜಿ, ಪಾತ್ರೆ ತೊಳೆದ ನೀರು ಇವನ್ನು ಟೆಂಟಿನ ಪಕ್ಕ ಚೆಲ್ಲಬೇಡಿ. ಕಸ ಗಾಡಿಯೊಳಗೆ. ಚಪ್ಪಲಿ, ಶೂ, ಚರ್ಮದ ಚೀಲ, ಸುಟ್ಟ ಮಾಂಸದ ಜಾಲರಿ, ಐಸ್ ಪೆಟ್ಟಿಗೆ ಯಾವುದೂ ರಾತ್ರಿ ಹೊರಗಿರಬಾರದು. ಕತ್ತೆಕಿರುಬ ಶೂವನ್ನೂ ಹೊತ್ತೊಯ್ಯುತ್ತದೆ, ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ಅಗಿಯುತ್ತದೆ. ತರಕರಡಿ (ಹನಿ ಬ್ಯಾಜರ್) ಬಂದರೆ ಪೆಟ್ಟಿಗೆಯ ಕೊಂಡಿ ಸಾಲದು, ಬೀಗವೇ ಬೇಕು. ಬೆಂಕಿ ಹಾಕಿದರೆ ಪ್ರಾಣಿ ಬರುವುದಿಲ್ಲ ಅನ್ನುವುದನ್ನು ನಂಬಬೇಡಿ. ಸಿಂಹವೂ ಕಿರುಬವೂ ಬೆಂಕಿಯ ಬೆಳಕಿನ ಅಂಚಿನವರೆಗೆ ಆರಾಮವಾಗಿ ಬರುತ್ತವೆ. ಬೆಂಕಿ ನಿಮಗೆ ಬೆಳಕು ಕೊಡುತ್ತದೆ, ಕಾವಲು ಕಾಯುವುದಿಲ್ಲ.

ಮಲಗಿದ ಮೇಲೆ ಟೆಂಟಿನ ಜಿಪ್ ಪೂರ್ತಿ ಹಾಕಿರಬೇಕು. ನೆಲದ ಟೆಂಟಾದರೆ ಇದು ಇನ್ನೂ ಮುಖ್ಯ: ಮುಚ್ಚಿದ ಟೆಂಟನ್ನು ಪ್ರಾಣಿಗಳು ಸಾಮಾನ್ಯವಾಗಿ ಒಂದು ದಿಬ್ಬದಂತೆ ಬಳಸಿಕೊಂಡು ಹೋಗುತ್ತವೆ. ತೆರೆದ ಬಾಗಿಲು, ಹೊರಗೆ ಚಾಚಿದ ಕಾಲು, ಸೆಕೆಯೆಂದು ಹೊರಗೇ ಹಾಸಿ ಮಲಗುವುದು, ಅಪಾಯ ಇರುವುದು ಇವುಗಳಲ್ಲಿ. ಹೊರಗೆ ಮಲಗಿದವರ ಮುಖಕ್ಕೇ ಕತ್ತೆಕಿರುಬ ಬಾಯಿ ಹಾಕುತ್ತದೆ. ಟೆಂಟಿನೊಳಗೆ ತಿಂಡಿ, ಹಣ್ಣು ಬೇಡ.

ಹಿರಿಯರಿಗೆ ರಾತ್ರಿ ಎದ್ದು ಹೋಗುವ ಅಭ್ಯಾಸ ಇರುತ್ತದೆ, ಸಂಕೋಚವಿಲ್ಲದೆ ಮೊದಲೇ ವ್ಯವಸ್ಥೆ ಮಾಡಿ. ಅಗಲ ಬಾಯಿಯ, ಭದ್ರ ಮುಚ್ಚಳದ ಡಬ್ಬ ಟೆಂಟಿನೊಳಗೇ ಇರಲಿ. ಇಳಿಯಲೇಬೇಕಾದರೆ ಏಣಿಯ ಮೇಲೆ ನಿಂತೇ ಜೋರು ಟಾರ್ಚನ್ನು ಸುತ್ತಲೂ ಎರಡು ಸಲ ತಿರುಗಿಸಿ, ಗಾಡಿಯ ಅಡಿಯನ್ನೂ ನೋಡಿ. ಹೊಳೆಯುವ ಕಣ್ಣು ಕಂಡರೆ ಇಳಿಯಬೇಡಿ. ಶೌಚಾಲಯ ದೂರವಿದ್ದರೆ ಕತ್ತಲಾದ ಮೇಲೆ ಅಲ್ಲಿಗೂ ಗಾಡಿಯಲ್ಲೇ ಹೋಗಬೇಕು.

ಬೂದುಸಲಗ
ಆನೆಯ ಬಗ್ಗೆ ನಾನು ಬರೆಯುತ್ತೇನೆ. ನಮ್ಮೂರಿನ ಆನೆ ನೋಡಿ ಬೆಳೆದವರು ಅಲ್ಲಿ ಎರಡು ಕಡೆ ತಪ್ಪು ಓದುತ್ತಾರೆ.

ಒಂದು, ದಂತ. ನಮ್ಮಲ್ಲಿ ಉದ್ದ ದಂತ ಕಂಡರೆ ಅದು ಗಂಡು. ಆಫ್ರಿಕಾದಲ್ಲಿ ಹೆಣ್ಣಿಗೂ ದಂತ ಇರುತ್ತದೆ. ದಂತ ನೋಡಿ "ಒಂಟಿ ಸಲಗ, ಮರಿ ಇರಲಾರದು" ಎಂದು ಹತ್ತಿರ ಹೋದರೆ, ಅದು ತಾಯಿಯಾಗಿದ್ದು ಮರಿ ರಸ್ತೆಯ ಇನ್ನೊಂದು ಬದಿಯ ಪೊದೆಯಲ್ಲಿರಬಹುದು. ಹಣೆ ನೋಡಬೇಕು: ಪಕ್ಕದಿಂದ ಕಂಡಾಗ ಗಂಡಿನ ಹಣೆ ದುಂಡಗೆ ಇಳಿಯುತ್ತದೆ, ಹೆಣ್ಣಿನದು ಕೋನವಾಗಿ ಮುರಿದಂತಿರುತ್ತದೆ.

ಎರಡು, ಮದ. ಕಣ್ಣು ಮತ್ತು ಕಿವಿಯ ನಡುವೆ ಒದ್ದೆ ಗೆರೆ ಕಂಡರೆ ನಾವು ಮದ ಅನ್ನುತ್ತೇವೆ. ಆಫ್ರಿಕದ ಆನೆಯಲ್ಲಿ ಹೆಣ್ಣು, ಮರಿ ಎಲ್ಲಕ್ಕೂ ಗಾಬರಿಯಾದಾಗ, ಉದ್ವೇಗಗೊಂಡಾಗ ಅಲ್ಲಿ ಒಸರುತ್ತದೆ. ಆ ಗೆರೆಯೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ನಿಜವಾಗಿ ಮದವೇರಿದ ಗಂಡಿಗೆ ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ, ಹಿಂಗಾಲಿನ ಒಳಬದಿ ಒದ್ದೆ, ಗಾಢ ವಾಸನೆ, ತಲೆ ಎತ್ತಿ ಭುಜ ಬೀಸುವ ನಡಿಗೆ. ಇದು ಕಂಡರೆ ದೂರ ಎಷ್ಟೇ ಇರಲಿ, ರಸ್ತೆ ಅದಕ್ಕೆ ಬಿಟ್ಟುಕೊಡಿ. ದೊಡ್ಡ ಗಂಡು 6 ಟನ್‌ವರೆಗೆ ತೂಗುತ್ತದೆ. ನಿಮ್ಮ ಹೈಲಕ್ಸ್ ಅದರ ಅರ್ಧವೂ ಇಲ್ಲ.

ಸಾಮಾನ್ಯ ಆನೆಗೆ ಕನಿಷ್ಠ 50 ಮೀಟರ್ ಬಿಡಿ, ಮರಿಗಳಿರುವ ಹಿಂಡಿಗೆ ಅದಕ್ಕಿಂತ ಹೆಚ್ಚು. ಹಿಂಡು ರಸ್ತೆ ದಾಟುತ್ತಿದ್ದರೆ ಕೊನೆಯದು ದಾಟಿತು ಅನ್ನಿಸಿದ ಮೇಲೂ ಎರಡು ನಿಮಿಷ ಕಾಯಿರಿ, ಹಿಂದುಳಿದ ಮರಿಯೂ ಅದರ ಅಕ್ಕನೂ ಇರಬಹುದು. ನಿಲ್ಲಿಸುವಾಗಲೇ ಹಿಂದಕ್ಕೆ ಹೋಗಲು ದಾರಿ ಇದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಹಿಂದೆ ಬೇರೆ ಗಾಡಿ ಅಂಟಿಕೊಂಡಿದ್ದರೆ ಮೊದಲು ಅವರನ್ನು ಹಿಂದೆ ಸರಿಸಿ, ಆಮೇಲೆ ಆನೆ ನೋಡಿ.

ಬೆದರಿಸುವ ಓಟ ಮತ್ತು ನಿಜವಾದ ದಾಳಿಯ ವ್ಯತ್ಯಾಸ ಹೀಗಿದೆ. ಬೆದರಿಸುವಾಗ ಕಿವಿ ಪೂರ್ತಿ ಅಗಲ, ತಲೆ ಮೇಲೆ, ಘೀಳು, ಮಣ್ಣು ಎರಚುವುದು, ಮುಂಗಾಲು ಬೀಸುವುದು. ಸ್ವಲ್ಪ ದೂರ ಓಡಿ ಬಂದು ನಿಲ್ಲುತ್ತದೆ. ನಿಜವಾದ ದಾಳಿಯಲ್ಲಿ ಕಿವಿ ಹಿಂದಕ್ಕೆ ಒತ್ತಿಕೊಂಡಿರುತ್ತದೆ, ಸೊಂಡಿಲು ಒಳಕ್ಕೆ ಸುತ್ತಿರುತ್ತದೆ, ತಲೆ ತಗ್ಗಿರುತ್ತದೆ, ಹೆಚ್ಚಾಗಿ ಸದ್ದೇ ಇರುವುದಿಲ್ಲ. ಇದು ನೂರಕ್ಕೆ ನೂರು ಸರಿಹೋಗುವ ಸೂತ್ರವಲ್ಲ, ಬೆದರಿಕೆಯಾಗಿ ಶುರುವಾದದ್ದು ದಾಳಿಯಾಗಿ ತಿರುಗಬಹುದು. ಆದ್ದರಿಂದ ಓಟದವರೆಗೆ ಕಾಯಲೇಬಾರದು. ಅದಕ್ಕೂ ಮುಂಚೆ ಸೂಚನೆಗಳಿರುತ್ತವೆ: ಮೇಯುವುದು ನಿಲ್ಲಿಸಿ ನಿಮ್ಮತ್ತ ನೇರ ತಿರುಗುವುದು, ಸೊಂಡಿಲಿನ ತುದಿ ಎತ್ತಿ ಮೂಸುವುದು, ತಲೆ ಕೊಡವುವುದು, ಒಂದು ಕಾಲು ಎತ್ತಿ ತೂಗಾಡಿಸುವುದು. ಇದರಲ್ಲಿ ಎರಡು ಒಟ್ಟಿಗೆ ಕಂಡರೆ ನಿಧಾನವಾಗಿ ಹಿಂದೆ ಸರಿಯುವ ಹೊತ್ತು.

ಕಬಿನಿಕರೆ
ಬಹಳ ಉಪಕಾರ. ಇನ್ನೆರಡು ಕೇಳುತ್ತೇನೆ. ಆನೆ ಹತ್ತಿರ ಬಂದಾಗ ಎಂಜಿನ್ ಆಫ್ ಮಾಡಬೇಕೋ, ಆನ್ ಇರಬೇಕೋ? ಹಾರ್ನ್ ಹೊಡೆಯಬಹುದೇ? ಮತ್ತೆ, ಅಮ್ಮನಿಗೆ ಹಣ್ಣಿಲ್ಲದೆ ಆಗುವುದಿಲ್ಲ, ಕಿತ್ತಳೆ ಬಾಳೆಹಣ್ಣು ಗಾಡಿಯಲ್ಲಿ ಇಟ್ಟುಕೊಳ್ಳಬಹುದೇ?

ಬೂದುಸಲಗ
ಹಾರ್ನ್ ಬೇಡ, ಬಾಗಿಲು ಬಡಿಯುವುದೂ ಬೇಡ. ಎಂಜಿನ್ ವಿಷಯ ಆನೆಯ ಮನಸ್ಥಿತಿಯ ಮೇಲೆ ನಿಂತಿದೆ. ದೂರದಲ್ಲಿ ಶಾಂತವಾಗಿ ಮೇಯುತ್ತ ತಾನಾಗಿ ಹತ್ತಿರ ಬರುತ್ತಿದ್ದರೆ ಆಫ್ ಮಾಡಿ ಸುಮ್ಮನಿರಿ. ಅದು ಗಾಡಿಯ ಪಕ್ಕಕ್ಕೇ ಬಂದ ಮೇಲೆ ಸ್ಟಾರ್ಟ್ ಮಾಡಿದರೆ ಬೆಚ್ಚಿಬೀಳುತ್ತದೆ, ತೊಂದರೆ ಆಗುವುದೇ ಆಗ. ಅದು ಮೊದಲಿನಿಂದಲೂ ನಿಮ್ಮನ್ನೇ ನೋಡುತ್ತಿದ್ದರೆ ಎಂಜಿನ್ ಆನ್ ಇಟ್ಟು ರಿವರ್ಸ್ ಗೇರಿನಲ್ಲಿ ಕಾಯಿರಿ. ಸರ್ರನೆ ಹಿಂದೆ ಓಡಿಸಬೇಡಿ; ಮರಳಿನಲ್ಲಿ ಅಡ್ಡ ಹೋಗಿ ಸಿಕ್ಕಿಕೊಳ್ಳುತ್ತೀರಿ. ನಡಿಗೆಯ ವೇಗ ಸಾಕು, ಅಂತರ ಹೆಚ್ಚುತ್ತಿದೆ ಅನ್ನುವುದು ಅದಕ್ಕೆ ಕಂಡರಾಯಿತು.

ಮುರಂರಸ್ತೆ
ಹಣ್ಣಿನ ಬಗ್ಗೆ: ಕಿತ್ತಳೆ, ನಿಂಬೆ ಜಾತಿಯದು ಖಂಡಿತ ಬೇಡ. ಜಿಂಬಾಬ್ವೆಯ ಮಾನಾ ಪೂಲ್ಸ್‌ನಲ್ಲಿ ತಾಜಾ ಹಣ್ಣು ಒಯ್ಯುವುದಕ್ಕೇ ನಿಷೇಧವಿದೆ. ಒಂದು ಸಲ ಪ್ರವಾಸಿಗರ ಗಾಡಿಯಿಂದ ಕಿತ್ತಳೆಯ ರುಚಿ ಕಂಡ ಆನೆ ಮುಂದೆ ಪ್ರತಿ ಗಾಡಿಯನ್ನೂ ಮೂಸುತ್ತದೆ, ಕಿಟಕಿ ಒಡೆಯುತ್ತದೆ, ಕೊನೆಗೆ ಆ ಆನೆಗೇ ಗುಂಡು ಬೀಳುತ್ತದೆ. ಅಮ್ಮನವರಿಗೆ ಒಣದ್ರಾಕ್ಷಿ, ಖರ್ಜೂರ, ಡಬ್ಬಿಯ ಹಣ್ಣು ಇರಲಿ, ಅದೂ ಗಾಳಿಯಾಡದ ಡಬ್ಬದಲ್ಲಿ. ತಾಜಾ ಹಣ್ಣನ್ನು ಮೌನ್, ಕಾಸಾನೆ ಊರುಗಳಲ್ಲೇ ತಿಂದು ಮುಗಿಸಿ.

ಬಬೂನ್ ಮತ್ತು ವರ್ವೆಟ್ ಕೋತಿಗಳಿಗೂ ಇದೇ ಮಾತು. ಥರ್ಡ್ ಬ್ರಿಜ್‌ನ ಬಬೂನ್‌ಗಳು ಟೆಂಟಿನ ಬಟ್ಟೆ ಹರಿಯುತ್ತವೆ. ಹಗಲಿನಲ್ಲಿ ಸುತ್ತಾಡಲು ಹೋಗುವಾಗ ಮೇಲಿನ ಟೆಂಟ್ ಮಡಚಿ, ಗಾಡಿ ಲಾಕ್ ಮಾಡಿ. ದಕ್ಷಿಣ ಆಫ್ರಿಕಾದ ಕೇಪ್ ಪರ್ಯಾಯದ್ವೀಪದ ಬಬೂನ್‌ಗಳು ಲಾಕ್ ಆಗದ ಕಾರಿನ ಬಾಗಿಲನ್ನು ತಾವೇ ತೆಗೆಯುತ್ತವೆ. ಕೈಯಲ್ಲಿದ್ದ ತಿಂಡಿ ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಗಂಡು ಬಬೂನ್‌ನ ಕೋರೆಹಲ್ಲು ಬಹಳ ಉದ್ದ.

ಮರಳು. ಟೈರಿನ ಗಾಳಿಯನ್ನು 1.5 ಬಾರ್ ಸುಮಾರಿಗೆ ಇಳಿಸಿದರೆ ಅರ್ಧ ತೊಂದರೆ ಕಡಿಮೆ. ಹೂತರೆ ತಕ್ಷಣ ಇಳಿಯಬೇಡಿ. ಒಳಗೇ ಕೂತು ನಾಲ್ಕೂ ದಿಕ್ಕು ನೋಡಿ, ಆಮೇಲೆ ಒಬ್ಬರು ಗಾಡಿಯ ನೆತ್ತಿ ಹತ್ತಿ ಕಾವಲು, ಒಬ್ಬರು ಸನಿಕೆ ಹಿಡಿದು ಕೆಲಸ, ಉಳಿದವರು ಒಳಗೆ. ಇಬ್ಬರೂ ಬಗ್ಗಿ ತೋಡುತ್ತ ಕೂತರೆ ಹಿಂದಿನಿಂದ ಬಂದದ್ದು ಯಾರಿಗೂ ಕಾಣುವುದಿಲ್ಲ.

ರಾತ್ರಿ ಓಡಿಸಬೇಡಿ. ಕ್ಯಾಂಪು ಬಿಟ್ಟು ಪಾರ್ಕಿನ ದಾರಿಗಳಲ್ಲಿ ಸೂರ್ಯಾಸ್ತದ ನಂತರ ಓಡಿಸಲು ಬಿಡುವುದಿಲ್ಲ, ವೇಗದ ಮಿತಿಯೂ ಗಂಟೆಗೆ 40 ಕಿ.ಮೀ. ಹೊರಗಿನ ಹೆದ್ದಾರಿಯದೇ ದೊಡ್ಡ ಸಮಸ್ಯೆ. ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ನಾಟಾ–ಕಾಸಾನೆ ಹೆದ್ದಾರಿಯಲ್ಲಿ ಅಂಥ ಗೇಟು ಇಲ್ಲ, ಆನೆ ಮಾತ್ರ ಧಾರಾಳ. ಅವುಗಳ ಬೂದು ಮೈ ಬೆಳಕು ನುಂಗುತ್ತದೆ, ಕಣ್ಣು ಹೆಡ್‌ಲೈಟಿನ ಮಟ್ಟಕ್ಕಿಂತ ಬಹಳ ಮೇಲಿರುತ್ತದೆ. ಕಂಡಿತು ಅನ್ನುವಷ್ಟರಲ್ಲಿ ಬ್ರೇಕಿಗೆ ಜಾಗ ಇರುವುದಿಲ್ಲ. ಕತ್ತೆ, ದನ, ಕೂಡು ಜಿಂಕೆ ಬೇರೆ. ಸಂಜೆ ನಾಲ್ಕೂವರೆಗೆ ಊರು ಸೇರುವಂತೆ ಲೆಕ್ಕ ಹಾಕಿ.

ಜೊಂಡುಹುಲ್ಲು
ನೀರಿನ ಬಗ್ಗೆ ಯಾರೂ ಬರೆದಿಲ್ಲ. ಖ್ವಾಯ್ ಅಂದರೆ ನದಿ, ಮೊರೆಮಿ ಇರುವ ಓಕವಾಂಗೊ ಜೌಗುಪ್ರದೇಶ ಅಂದರೆ ಬರೀ ನೀರು.

ನೀರಾನೆ ಹಗಲು ನೀರಿನಲ್ಲಿ, ರಾತ್ರಿ ದಡದ ಹುಲ್ಲಿನಲ್ಲಿ. ಮೇಯಲು ಕೆಲವು ಕಿಲೋಮೀಟರ್ ದೂರವೂ ಹೋಗುತ್ತದೆ, ಬಂದ ದಾರಿಯಲ್ಲೇ ಮರಳುತ್ತದೆ. ಬೆದರಿದರೆ ಅದಕ್ಕೆ ಗೊತ್ತಿರುವುದು ಒಂದೇ, ನೀರಿಗೆ ಓಡುವುದು, ಅದೂ ಗಂಟೆಗೆ 30 ಕಿ.ಮೀ. ವೇಗದಲ್ಲಿ. ನಡುವೆ ನೀವಿದ್ದರೆ ನಿಮ್ಮ ಮೇಲೆಯೇ. ಆದ್ದರಿಂದ ಅದಕ್ಕೂ ನೀರಿಗೂ ನಡುವೆ ನಿಲ್ಲಬಾರದು ಅನ್ನುವುದು ಮೊದಲ ನಿಯಮ. ಹಗಲಲ್ಲಿ ನೀರಿನ ಹೊರಗೆ ಒಂಟಿಯಾಗಿ ಪೊದೆಯಲ್ಲಿ ನಿಂತ ನೀರಾನೆ ಗಾಯಗೊಂಡದ್ದೋ ಹಿಂಡಿನಿಂದ ಹೊರದಬ್ಬಿಸಿಕೊಂಡದ್ದೋ ಇರಬಹುದು, ಅದರ ತಾಳ್ಮೆ ತೀರಾ ಕಡಿಮೆ. ಬಾಯಿ ಆಕಳಿಸಿದಂತೆ ಅಗಲಿಸಿದರೆ ಅದು ಎಚ್ಚರಿಕೆ. ಫೋಟೋ ಚೆನ್ನಾಗಿ ಬರುತ್ತದೆಂದು ಇನ್ನೂ ಹತ್ತಿರ ಹೋಗಬಾರದು. ಕೀನ್ಯಾದ ನೈವಾಷಾ ಸರೋವರದ ದಡದ ಹೋಟೆಲುಗಳ ಹುಲ್ಲುಹಾಸಿಗೆ ರಾತ್ರಿ ಇವು ಮೇಯಲು ಬರುತ್ತವೆ. ಅಲ್ಲಿ ಕೋಣೆಯಿಂದ ಊಟದ ಮನೆಗೆ ಕಾವಲುಗಾರನಿಲ್ಲದೆ ಹೋಗಬೇಡಿ.

ಮೊಕೊರೊ ದೋಣಿಯಲ್ಲಿ ಕೂತಾಗ ಕೈ ಒಳಗಿರಲಿ, ಎದ್ದು ನಿಲ್ಲಬೇಡಿ. ಗಳ ಹಾಕುವವನು ಆಳ ಕಾಲುವೆ ಬಿಟ್ಟು ಅಂಚಿನ ತೆಳುನೀರಿನಲ್ಲೇ ಸಾಗುತ್ತಾನೆ, ಅವಸರ ಮಾಡಿ ನಡುವಿಗೆ ಹೋಗಲು ಒತ್ತಾಯಿಸಬೇಡಿ. ನೀರಾನೆ ಐದು ನಿಮಿಷದವರೆಗೂ ಮುಳುಗಿರಬಲ್ಲದು. ಮೊದಲು ನಾಲ್ಕು ತಲೆ ಕಂಡು ಈಗ ಮೂರೇ ಕಂಡರೆ ನಾಲ್ಕನೆಯದು ಮೇಲೆ ಬರುವ ತನಕ ನಿಲ್ಲುವುದೇ ಸರಿ.

ಮೊಸಳೆಗೆ ಇಷ್ಟು: ನೀರಿನ ಅಂಚಿನಿಂದ ನಾಲ್ಕು ಮೀಟರ್ ಒಳಗೆ ನಿಲ್ಲಬೇಡಿ, ಕೂರಬೇಡಿ, ಪಾತ್ರೆ ತೊಳೆಯಬೇಡಿ. ದಿನಾ ಅದೇ ಜಾಗದಲ್ಲಿ ಅದೇ ಹೊತ್ತಿಗೆ ನೀರು ತುಂಬುವುದು ಎಲ್ಲಕ್ಕಿಂತ ಅಪಾಯ, ಅದು ಗಮನಿಸಿ ಕಾಯುತ್ತದೆ. ಮೊಣಕಾಲಾಳದ ಕದಡಿದ ನೀರಿನಲ್ಲೂ ದೊಡ್ಡ ನೈಲ್ ಮೊಸಳೆ ಕಾಣದೆ ಮಲಗಿರುತ್ತದೆ. ಥರ್ಡ್ ಬ್ರಿಜ್‌ನ ನೀರು ತಿಳಿಯಾಗಿದೆ, ಮರಳು ಕಾಣುತ್ತದೆ ಎಂದು ಇಳಿಯುವವರಿದ್ದಾರೆ. ಇಳಿಯಬೇಡಿ.

ಹುತ್ತದನೆರಳು
ನಡೆದೇ ಕಾಡು ನೋಡುವ ಆಸೆ ಇದ್ದರೆ ಬಂದೂಕು ಇರುವ ಮಾರ್ಗದರ್ಶಿಯೊಂದಿಗೆ ಮಾತ್ರ. ಒಂದೇ ಸಾಲು, ಮಾತಿಲ್ಲ, ಬಿಳಿ, ಕೆಂಪು ಬಟ್ಟೆ ಬೇಡ. ಅವರು ಬೂದಿ ತುಂಬಿದ ಬಟ್ಟೆಯ ಗಂಟು ಕೊಡವಿ ಗಾಳಿಯ ದಿಕ್ಕು ನೋಡುತ್ತ ಹೋಗುತ್ತಾರೆ. ದೊಡ್ಡ ಪ್ರಾಣಿಗಳ ಮೈಮೇಲಿನ ಉಣ್ಣೆ ತಿನ್ನುವ ಆಕ್ಸ್‌ಪೆಕರ್ ಹಕ್ಕಿ ಚರ್ರೆಂದು ಕೂಗಿ ಪೊದೆಯಿಂದ ಎದ್ದರೆ ಅದರ ಕೆಳಗೆ ಕಾಡೆಮ್ಮೆಯೋ ಘೇಂಡಾಮೃಗವೋ ಇದೆ ಎಂದು ಅರ್ಥ.

"ಓಡಬೇಡಿ" ಎಂಬ ಒಂದೇ ಮಾತನ್ನು ಎಲ್ಲ ಪ್ರಾಣಿಗೂ ಅನ್ವಯಿಸುವವರಿದ್ದಾರೆ, ಅದು ಪೂರ್ತಿ ಸರಿಯಲ್ಲ. ಸಿಂಹಕ್ಕೆ ಅದು ನೂರಕ್ಕೆ ನೂರು ಸರಿ: ಎದುರಿಗೇ ನಿಂತು, ಕೈ ಎತ್ತಿ, ಗಟ್ಟಿಯಾಗಿ ಗದರಿ, ಅದು ನಿಂತ ಮೇಲೆ ಬೆನ್ನು ತೋರಿಸದೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ. ಚಿರತೆಯಾದರೆ ಕಣ್ಣಿಟ್ಟು ನೋಡಬೇಡಿ, ಕಂಡೇ ಇಲ್ಲವೆಂಬಂತೆ ಓರೆಯಾಗಿ ಸರಿದುಹೋಗಿ. ತನ್ನನ್ನು ಕಂಡುಬಿಟ್ಟರು ಅನ್ನಿಸಿದರೆ ಅದು ಮೇಲೆ ಬೀಳುತ್ತದೆ. ಆನೆ, ಕಾಡೆಮ್ಮೆ, ನೀರಾನೆಗೆ ಮಾತ್ರ ಎದುರು ನಿಂತು ಗದರಿ ಪ್ರಯೋಜನವಿಲ್ಲ. ನಡುವೆ ಗಟ್ಟಿ ಅಡ್ಡ ಬೇಕು: ದಪ್ಪ ಮರ, ಬಂಡೆ, ದೊಡ್ಡ ಹುತ್ತ. ಚೀಲವನ್ನು ದಾರಿಯಲ್ಲಿ ಬಿಸಾಡಿದರೆ ಆನೆ ಅದನ್ನು ಮೂಸಲು ನಿಲ್ಲಬಹುದು. ಹಿಂಡಿನ ಕಾಡೆಮ್ಮೆಗಿಂತ ಒಂಟಿ ಮುದಿ ಗಂಡು ಕೆಟ್ಟದ್ದು. ಅದು ಕೆಡವಿದರೆ ಏಳಬೇಡಿ, ನೆಲಕ್ಕೆ ಅಂಟಿ ಬೋರಲು ಮಲಗಿ. ಅದರ ಕೊಂಬಿನ ಬಾಗು ನೆಲದ ಮಟ್ಟಕ್ಕೆ ಸುಲಭವಾಗಿ ಸಿಗುವುದಿಲ್ಲ.

ಲುಸಾಕಾ_ವೈದ್ಯೆ
ಹಾವಿನ ವಿಷಯ ಬರೆಯುತ್ತೇನೆ, ಏಕೆಂದರೆ ಊರಿನಿಂದ ಬರುವವರು ಬೆಂಗಳೂರಿನಲ್ಲಿ ಸಿಗುವ ವಿಷನಿರೋಧಕವನ್ನು ತರಬಹುದೇ ಎಂದು ಪದೇಪದೇ ಕೇಳುತ್ತಾರೆ. ತರಬೇಡಿ. ಭಾರತದ ಪಾಲಿವೇಲೆಂಟ್ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ಭಾರತೀಯ ವಿಷದಿಂದ ತಯಾರಾದದ್ದು. ಆಫ್ರಿಕದ ಮಾಂಬಾ, ಪಫ್ ಆಡರ್ ಹಾವುಗಳಿಗೆ ಅದು ಕೆಲಸ ಮಾಡುವುದಿಲ್ಲ. ಆಫ್ರಿಕದ ಹಾವುಗಳಿಗೆಂದೇ ಮಾಡಿದ ಔಷಧವೇ ಬೇಕು. ಅದನ್ನೂ ಪ್ರವಾಸಿಗರು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ: ಮಾಂಬಾ ಕಡಿತಕ್ಕೆ 10 ಮಿ.ಲೀ.ಯ ಹತ್ತು ವಯಲ್‌ನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ, ದಕ್ಷಿಣ ಆಫ್ರಿಕಾದ ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಕೊಡುವಾಗ ತೀವ್ರ ಅಲರ್ಜಿ ಆಗುವುದು ಸಾಮಾನ್ಯ, ಅಡ್ರಿನಲಿನ್ ಮತ್ತು ಉಸಿರಾಟದ ವ್ಯವಸ್ಥೆ ಪಕ್ಕದಲ್ಲಿರಬೇಕು. ಹೊರಡುವ ಮುನ್ನ ಮಾಡಬೇಕಾದದ್ದು ಬೇರೆ: ದಾರಿಯ ಯಾವ ಆಸ್ಪತ್ರೆಯಲ್ಲಿ ಔಷಧ ಇದೆ, ವಿಮಾನದಲ್ಲಿ ಸಾಗಿಸುವ ವಿಮೆ ಇದೆಯೇ, ಸ್ಯಾಟಲೈಟ್ ಫೋನ್ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು.

ಪಫ್ ಆಡರ್ ನಮ್ಮ ಕೊಳಕುಮಂಡಲದ ಹಾಗೆ ದಪ್ಪ, ಮಣ್ಣು ಮತ್ತು ಒಣ ಎಲೆಯ ಬಣ್ಣ. ಹೆಜ್ಜೆಯ ಸದ್ದಿಗೆ ಸರಿದುಹೋಗುವುದಿಲ್ಲ, ಮಲಗಿದಲ್ಲೇ ಇರುತ್ತದೆ. ಮುಸ್ಸಂಜೆ ಬೆಚ್ಚಗಿನ ದಾರಿಯ ಮೇಲೆ ಇರುವುದರಿಂದ ಕಡಿತ ಬೀಳುವುದು ಪಾದ, ಕಣಕಾಲಿಗೆ. ಮೊಳಕಾಲಿನ ಕೆಳಗೆ ಮುಚ್ಚುವ ಶೂ, ಕೈಯಲ್ಲಿ ಟಾರ್ಚು, ಇಷ್ಟರಿಂದ ಬಹುಪಾಲು ತಪ್ಪುತ್ತದೆ. ಸೌದೆ ಎತ್ತುವಾಗ ಕೈ ಹಾಕುವ ಮೊದಲು ಕೋಲಿನಿಂದ ಉರುಳಿಸಿ.

ಮೊಜಾಂಬಿಕ್ ಉಗುಳುವ ನಾಗರ ರಾತ್ರಿ ಮನೆಯೊಳಗೇ ಬಂದು ಮಲಗಿದವರನ್ನು ಕಚ್ಚುತ್ತದೆ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದರೆ ಮಲೇರಿಯಾಕ್ಕೂ ಹಾವಿಗೂ ಒಂದೇ ತಡೆ. ಎರಡು ಮೂರು ಮೀಟರ್ ದೂರದಿಂದ ಕಣ್ಣಿಗೆ ವಿಷ ಉಗುಳಿದರೆ ತಕ್ಷಣ ಶುದ್ಧ ನೀರು ಧಾರೆಯಾಗಿ 15ರಿಂದ 20 ನಿಮಿಷ ಹಾಕುತ್ತಲೇ ಇರಿ. ಉಜ್ಜಬೇಡಿ. ವಿಷನಿರೋಧಕವನ್ನು ಕಣ್ಣಿಗೆ ಹಾಕಬಾರದು. ಆಮೇಲೆ ಕಣ್ಣಿನ ವೈದ್ಯರು ಕಾರ್ನಿಯಾ ನೋಡಲೇಬೇಕು.

ಕೆಮ್ಮಣ್ಣು77
ಮೇಡಂ, ಹಾವು ಕಚ್ಚಿದ ಕೂಡಲೇ ಬಿಗಿ ಬ್ಯಾಂಡೇಜ್ ಸುತ್ತಬೇಕು ಅಂತ ಎಲ್ಲ ಕಡೆ ಇದೆಯಲ್ಲ? ಕೆಲವರು ಬೇಡ ಅಂತಾರೆ.

ಲುಸಾಕಾ_ವೈದ್ಯೆ
ಎರಡೂ ಅರ್ಧ ಸತ್ಯ, ಹಾವಿನ ಮೇಲೆ ನಿಂತಿದೆ. ಮಾಂಬಾ ವಿಷ ನರಕ್ಕೆ ಹೋಗುತ್ತದೆ: ತುಟಿ ಜುಮ್ಮೆನ್ನುವುದು, ರೆಪ್ಪೆ ಜೋಲುವುದು, ಜೊಲ್ಲು, ನುಂಗಲಾಗದಿರುವುದು, ಆಮೇಲೆ ಉಸಿರು. ಇದಕ್ಕೆ 10 ಸೆಂ.ಮೀ. ಅಗಲದ ಹಿಗ್ಗುವ ಬ್ಯಾಂಡೇಜನ್ನು ಕೈ ಅಥವಾ ಕಾಲಿನ ಪೂರ್ತಿ ಉದ್ದಕ್ಕೂ ಉಳುಕಿಗೆ ಸುತ್ತುವಷ್ಟು ಬಿಗಿಯಲ್ಲಿ ಸುತ್ತಿ, ಕೋಲು ಕಟ್ಟಿ, ಅಲುಗಾಡದಂತೆ ಮಾಡಿದರೆ ಸಮಯ ಸಿಗುತ್ತದೆ. ಪಫ್ ಆಡರ್ ಮತ್ತು ಉಗುಳುವ ನಾಗರದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಅಲ್ಲಿ ಬ್ಯಾಂಡೇಜ್ ಸುತ್ತಿದರೆ ಬಾವು ಒಳಗೇ ಒತ್ತಿ ಕಾಲನ್ನೇ ಕಳೆದುಕೊಳ್ಳಬಹುದು. ಯಾವ ಹಾವೆಂದು ಗೊತ್ತಿಲ್ಲದಿದ್ದರೆ ಲಕ್ಷಣ ನೋಡಿ: ನೋವು, ಬಾವು ಬೇಗ ಏರುತ್ತಿದ್ದರೆ ಸುತ್ತಬೇಡಿ.

ಎಲ್ಲಕ್ಕೂ ಸಮಾನವಾದದ್ದು: ಉಂಗುರ, ಬಳೆ, ಕಾಲ್ಗೆಜ್ಜೆ ತಕ್ಷಣ ತೆಗೆಯಿರಿ. ರೋಗಿ ನಡೆಯಬಾರದು, ಹೊತ್ತುಕೊಂಡೇ ಹೋಗಿ. ಕೊಯ್ಯುವುದು, ಹೀರುವುದು, ಹಗ್ಗ ಕಟ್ಟುವುದು, ಐಸ್, ಆಸ್ಪಿರಿನ್ ಬೇಡ. ಕಚ್ಚಿದ ಗಂಟೆ, ಬಾವಿನ ಅಂಚನ್ನು ಪೆನ್ನಿನಿಂದ ಚರ್ಮದ ಮೇಲೇ ಬರೆಯಿರಿ. ಹಾವನ್ನು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೋ ಸಿಕ್ಕರೆ ಸಾಕು. ಮಾಂಬಾ ಕಡಿತದಲ್ಲಿ ಉಸಿರು ನಿಂತರೂ ಹೃದಯ ಬಡಿಯುತ್ತಿರುತ್ತದೆ. ದಾರಿಯುದ್ದಕ್ಕೂ ಬಾಯಿಂದ ಬಾಯಿಗೆ ಉಸಿರು ಕೊಡುತ್ತ ಬಂದರೆ ಆಸ್ಪತ್ರೆಯವರೆಗೆ ಜೀವ ಉಳಿಯುತ್ತದೆ. ಇದನ್ನು ಹೊರಡುವ ಮುನ್ನ ನಾಲ್ವರೂ ಕಲಿತುಕೊಳ್ಳಿ.

ರೊಂಗಾಯ್_ಮನೆ
ನೈರೋಬಿಯಲ್ಲಿ ನೆಲೆಸುವವರಿಗೆ ಕೆಲವು ಮಾತು. ನೈರೋಬಿ ರಾಷ್ಟ್ರೀಯ ಉದ್ಯಾನ 1946ರದು, ಸುಮಾರು 117 ಚದರ ಕಿ.ಮೀ. ಊರಿನ ಕಡೆ ಬೇಲಿ ಇದೆ, ದಕ್ಷಿಣ ಬದಿ ಬಯಲಿಗೆ ತೆರೆದಿದೆ. ಹಾಗಾಗಿ ಕಿಟೆಂಗೆಲಾ, ರೊಂಗಾಯ್ ಕಡೆ ಮನೆ ಮಾಡುವವರು ಚಿರತೆ, ಸಿಂಹ ಬರಬಹುದು ಎಂದು ತಿಳಿದೇ ಇರಬೇಕು. ನಾಯಿ ರಾತ್ರಿ ಮನೆಯೊಳಗೆ. ಕಟ್ಟಿಹಾಕಿದ ನಾಯಿ ಚಿರತೆಗೆ ಸುಲಭದ ಊಟ. ಕೋಳಿಗೂಡಿಗೆ ಮೇಲ್ಛಾವಣಿಯೂ ಜಾಲರಿಯದೇ ಇರಲಿ. ದನ ಸಾಕುವವರು ರಿಚರ್ಡ್ ತುರೆರೆ ಎಂಬ ಅಲ್ಲಿನ ಮಾಸಾಯ್ ಹುಡುಗ ರೂಪಿಸಿದ ಮಿನುಗು ದೀಪಗಳನ್ನು ದೊಡ್ಡಿಯ ಸುತ್ತ ಹಾಕುತ್ತಾರೆ. ಕಾರಿನ ಬ್ಯಾಟರಿ, ಸೋಲಾರ್ ಫಲಕ, ಒಂದಾದ ಮೇಲೊಂದು ಹೊತ್ತುವ ಬಲ್ಬುಗಳು. ಯಾರೋ ಟಾರ್ಚು ಹಿಡಿದು ಸುತ್ತುತ್ತಿದ್ದಾರೆಂದು ಸಿಂಹ ಭಾವಿಸುತ್ತದೆ. ಸುಮ್ಮನೆ ಉರಿಯುವ ದೀಪಕ್ಕೆ ಅದು ಬೇಗ ಒಗ್ಗಿಹೋಗುತ್ತದೆ, ಮಿನುಗಬೇಕು. ಪ್ರಾಣಿ ಕಂಡರೆ ಜನ ಸೇರಿಸಬೇಡಿ, ಕೀನ್ಯಾ ವನ್ಯಜೀವಿ ಸೇವೆಗೆ ತಿಳಿಸಿ ಬಾಗಿಲು ಹಾಕಿಕೊಳ್ಳಿ.

ಮಳೆಗಾಲದಲ್ಲಿ ಸಿಯಾಫು ಇರುವೆಯ ದಂಡು ಮನೆಗೇ ನುಗ್ಗುತ್ತದೆ. ಮಗು, ಹಾಸಿಗೆ ಹಿಡಿದವರು, ಕಟ್ಟಿದ ನಾಯಿ, ಗೂಡಿನ ಕೋಳಿ, ಇವರನ್ನು ಮೊದಲು ಹೊರಗೆ ಸಾಗಿಸಿ. ದಂಡು ದಾಟಿಹೋಗಲು ಬಿಡಿ, ಹೋಗುವಾಗ ಜಿರಳೆಗಳನ್ನೂ ತಿಂದು ಹೋಗಿರುತ್ತದೆ. ಬಾಗಿಲಿಗೆ ಒಲೆಬೂದಿಯ ದಪ್ಪ ಗೆರೆ ಹಾಕಿದರೆ ದಾರಿ ತಿರುಗಿಸುತ್ತದೆ.

ಕೆಂಪು ಕಪ್ಪು ಪಟ್ಟೆಯ ಸಣ್ಣ ನೈರೋಬಿ ಹುಳ ಮೈಮೇಲೆ ಕೂತರೆ ಹೊಡೆಯಬೇಡಿ, ಊದಿ ಬೀಳಿಸಿ. ಜಜ್ಜಿಹೋದರೆ ಅದರ ರಸದಿಂದ ಮರುದಿನ ಸುಟ್ಟಂಥ ಬೊಬ್ಬೆ ಏಳುತ್ತದೆ; ತಕ್ಷಣ ಸೋಪು ನೀರಿನಿಂದ ತೊಳೆದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಲುಸಾಕಾ_ವೈದ್ಯೆ
ಜಾಂಬಿಯಾ, ಮಲಾವಿ, ಉಗಾಂಡಾ ಕಡೆ ಬಂದು ನೆಲೆಸುವ ನಮ್ಮವರಿಗೆ ಗೊತ್ತೇ ಇರದ ಇನ್ನೊಂದು: ಪುಟ್ಸಿ ನೊಣ. ನೆರಳಿನಲ್ಲಿ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ, ಹುಲ್ಲಿನ ಮೇಲೆ ಹರಡಿದ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಬಟ್ಟೆ ಹಾಕಿಕೊಂಡಾಗ ಮರಿಹುಳು ಚರ್ಮದೊಳಗೆ ಇಳಿಯುತ್ತದೆ. ಅದಕ್ಕಾಗಿಯೇ ಅಲ್ಲಿ ಒಳಉಡುಪನ್ನೂ, ಮಗುವಿನ ಲಂಗೋಟಿಯನ್ನೂ ಇಸ್ತ್ರಿ ಮಾಡುತ್ತಾರೆ. ಎರಡೂ ಬದಿ, ಹೊಲಿಗೆ ಮತ್ತು ಎಲಾಸ್ಟಿಕ್ ಜಾಗದಲ್ಲಿ ನಿಧಾನವಾಗಿ, ಬಿಸಿಯಾಗಿ. ಕರೆಂಟ್ ಇಲ್ಲದಿದ್ದರೆ ಉರಿ ಬಿಸಿಲಿನ ತಂತಿಯ ಮೇಲೆ ಒಣಗಿಸಿ, ಮೂರು ವಾರ ಎತ್ತಿಟ್ಟು ಆಮೇಲೆ ಹಾಕಿ. ಚರ್ಮ ಸಿಗದ ಹುಳು ಅಷ್ಟರಲ್ಲಿ ಸಾಯುತ್ತದೆ.

ಕುರುವಿನಂತೆ ಎದ್ದು, ನಡುವೆ ಸಣ್ಣ ತೂತು, ಒಳಗೆ ಏನೋ ಹರಿದಂತೆ ಚುಚ್ಚುತ್ತಿದ್ದರೆ ಇದೇ. ಹಾಗೇ ಹಿಂಡಬೇಡಿ, ಹುಳುವಿನ ಮೈಮೇಲೆ ಮುಳ್ಳುಗಳಿವೆ, ಒಳಗೇ ಒಡೆದರೆ ಕೀವಾಗುತ್ತದೆ. ತೂತಿನ ಮೇಲೆ ವ್ಯಾಸಲೀನ್ ದಪ್ಪಗೆ ಹಚ್ಚಿ ಗಾಳಿ ಕಟ್ಟಿ. ಉಸಿರಿಗಾಗಿ ಹುಳು ಮೇಲೆ ಬಂದಾಗ ಎರಡು ಬದಿಯಿಂದ ಒತ್ತಿ ಚಿಮಟದಿಂದ ತೆಗೆಯಿರಿ. ಕಣ್ಣಿನ ಹತ್ತಿರ ಇದ್ದರೆ ಮನೆಯಲ್ಲಿ ಮುಟ್ಟಬೇಡಿ.

ಕೆಮ್ಮಣ್ಣು77
ಜಾಂಬಿಯಾದಲ್ಲಿ ಜೋಳದ ಜಮೀನು ನೋಡಿಕೊಳ್ಳುವ ಕೆಲಸಕ್ಕೆ ಹೋಗುವವರಿಗೂ ಏನಾದರೂ ಹೇಳಿ. ಆನೆ ಹೊಲಕ್ಕೆ ಬರುತ್ತವಂತೆ. ಜೇನುಗೂಡಿನ ಬೇಲಿ ನಿಜವಾಗಿ ಕೆಲಸ ಮಾಡುತ್ತದಾ?

ಬೂದುಸಲಗ
ಗೂಡಿನಲ್ಲಿ ಜೇನು ಇದ್ದರೆ ಮಾಡುತ್ತದೆ. ಕೀನ್ಯಾದ ತ್ಸಾವೊ ಈಸ್ಟ್ ಉದ್ಯಾನದ ಪಕ್ಕದ ಸಗಾಲಾದಲ್ಲಿ ಆನೆ ಸಂಶೋಧಕಿ ಲೂಸಿ ಕಿಂಗ್ ಬೆಳೆಸಿದ ಪದ್ಧತಿ: 10 ಮೀಟರಿಗೊಂದು ಗೂಡು ತೂಗುಹಾಕಿ, ಎಲ್ಲವನ್ನೂ ಒಂದು ತಂತಿಯಿಂದ ಜೋಡಿಸುವುದು. ಆನೆ ತಂತಿ ತಳ್ಳಿದರೆ ಗೂಡುಗಳು ಓಲಾಡಿ ಹುಳು ಏಳುತ್ತವೆ, ಕಣ್ಣಿನ ಸುತ್ತ, ಸೊಂಡಿಲಿನೊಳಗೆ ಕಚ್ಚುತ್ತವೆ. ಸೋಲುವುದು ಎಲ್ಲಿ ಅಂದರೆ ಬರಗಾಲದಲ್ಲಿ ಹೂವಿಲ್ಲದೆ ಜೇನು ಬಿಟ್ಟುಹೋದಾಗ, ತರಕರಡಿ ಗೂಡು ಒಡೆದಾಗ, ಕಂಬಕ್ಕೆ ಗ್ರೀಸ್ ಹಚ್ಚದೆ ಇರುವೆ ಹತ್ತಿದಾಗ. ಗೂಡಿಗೆ ನೆರಳು, ಹತ್ತಿರದಲ್ಲಿ ನೀರು ಇಡದಿದ್ದರೆ ಬರೀ ಪೆಟ್ಟಿಗೆಯ ಸಾಲು ಉಳಿಯುತ್ತದೆ. 2021ರಲ್ಲಿ ಕೊಡಗಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೂ ಇಂಥ ಪೆಟ್ಟಿಗೆಗಳನ್ನಿಟ್ಟಿತು. ನಮ್ಮ ತುಡುವೆ ಜೇನು ಆಫ್ರಿಕದ ಜೇನಿನಷ್ಟು ಸಿಡುಕಿನದಲ್ಲ ಅನ್ನುವುದು ನೆನಪಿರಲಿ.

ಅಗ್ಗದ ದಾರಿ ಮೆಣಸಿನದು. ಒಣಮೆಣಸಿನ ಪುಡಿಯನ್ನು ಹಳೆಯ ಗ್ರೀಸಿನಲ್ಲಿ ಕಲಸಿ ಹಗ್ಗಕ್ಕೂ ಅದರಿಂದ ನೇತುಬಿಟ್ಟ ಬಟ್ಟೆಗೂ ಬಳಿಯುವುದು, ಮಳೆ ಬಂದ ಮೇಲೆ ಮತ್ತೆ ಬಳಿಯುವುದು. ಮೆಣಸಿನ ಪುಡಿ ಬೆರೆಸಿ ತಟ್ಟಿದ ಬೆರಣಿಯನ್ನು ಹೊಲದ ಅಂಚಿನಲ್ಲಿ ಹೊಗೆಯಾಡಿಸುವುದೂ ಇದೆ. ಗಾಳಿ ನಿಮ್ಮತ್ತ ಬೀಸುತ್ತಿದ್ದರೆ ಆ ರಾತ್ರಿ ಅದು ವ್ಯರ್ಥ. ಕೊಯ್ದ ಜೋಳವನ್ನು ಮಲಗುವ ಕೋಣೆಯಲ್ಲಿ ಇಡಬೇಡಿ, ಆನೆ ಗೋಡೆ ಒಡೆದು ಒಳಗೆ ಬರುವುದು ಅದಕ್ಕಾಗಿಯೇ.

ಹುತ್ತದನೆರಳು
ಉಗಾಂಡಾಕ್ಕೆ ಹೋಗುವವರಿಗೆ ಎರಡೇ ಸಾಲು. ಬ್ವಿಂಡಿ ಕಾಡಿನಲ್ಲಿ ಗೊರಿಲ್ಲಾ ನೋಡುವಾಗ ನೆಗಡಿ, ಕೆಮ್ಮು ಇದ್ದರೆ ಹೋಗಬೇಡಿ. ನಮ್ಮ ಸಾಮಾನ್ಯ ಶೀತವೇ ಅವಕ್ಕೆ ಮಾರಕವಾಗಬಹುದು. ಬೆಳ್ಳಿಬೆನ್ನಿನ ಗಂಡು ನುಗ್ಗಿ ಬಂದರೆ ಕುಕ್ಕರುಗಾಲಿನಲ್ಲಿ ಕೂತು ನೆಲ ನೋಡಿ, ಓಡಬೇಡಿ. ಬಾವಲಿಗಳಿರುವ ಗುಹೆಯೊಳಗೆ ಕಾಲಿಡಬೇಡಿ. ಮಾರಮಗಾಂಬೊ ಕಾಡಿನ ಪೈಥಾನ್ ಗುಹೆಗೆ ಹೋಗಿಬಂದ ಡಚ್ ಪ್ರವಾಸಿಯೊಬ್ಬರು 2008ರಲ್ಲಿ ಬಾವಲಿಗಳಿಂದ ಹರಡುವ ಮಾರ್‌ಬರ್ಗ್ ಜ್ವರದಿಂದ ಸತ್ತರು.

ಕಬಿನಿಕರೆ
ಎಲ್ಲರಿಗೂ ವಂದನೆ. ಕೊನೆಯದು: ತ್ಸೆತ್ಸೆ ನೊಣಕ್ಕೆ ಯಾವ ಬಟ್ಟೆ, ಯಾವ ಮುಲಾಮು?

ಲುಸಾಕಾ_ವೈದ್ಯೆ
ನೀಲಿ, ಕಪ್ಪು ಬಣ್ಣ ಬೇಡ. ನೊಣ ಹಿಡಿಯುವ ಬಲೆಗಳನ್ನೇ ಆ ಎರಡು ಬಣ್ಣದ ಬಟ್ಟೆಯಿಂದ ಮಾಡುತ್ತಾರೆ. ಮರಗಳಿಗೆ ಕಟ್ಟಿದ ಅಂಥ ಬಟ್ಟೆಗಳಿಗೆ ಕೀಟನಾಶಕ ಬಳಿದಿರುತ್ತಾರೆ, ಮುಟ್ಟಬೇಡಿ. ತಿಳಿ ಕಾಕಿ, ಕಂದು ಬಣ್ಣದ ದಪ್ಪ ಬಟ್ಟೆ ಇರಲಿ. ತೆಳು ಹತ್ತಿಯನ್ನು, ಜೀನ್ಸನ್ನೂ ಅದು ತೂರಿ ಕಚ್ಚುತ್ತದೆ. ಸೊಳ್ಳೆಗೆ ಹಚ್ಚುವ ಮುಲಾಮಿಗೆ ಅದು ಹೆಚ್ಚು ಬಗ್ಗುವುದಿಲ್ಲ. ಚಲಿಸುವ ಗಾಡಿಯನ್ನು ದೊಡ್ಡ ಪ್ರಾಣಿಯೆಂದು ಬೆನ್ನಟ್ಟುತ್ತದೆ, ಆದ್ದರಿಂದ ನೊಣ ಇರುವ ಪಟ್ಟಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ. ಜಾಂಬಿಯಾದ ಲುವಾಂಗ್ವಾ ಕಡೆಯ ತೆರೆದ ಗಾಡಿಗಳಲ್ಲಿ ಡಬ್ಬದಲ್ಲಿ ಆನೆಲದ್ದಿ ಹೊಗೆಯಾಡಿಸುತ್ತ ಹೋಗುತ್ತಾರೆ.

ಕಚ್ಚಿದ ಜಾಗದಲ್ಲಿ ಕೆಲವು ದಿನದ ಮೇಲೆ ನೋವಿನ ಗಂಟು ಎದ್ದು, ಒಂದರಿಂದ ಮೂರು ವಾರದೊಳಗೆ ಜ್ವರ ಬಂದರೆ ಈ ನೊಣ ಹರಡುವ ನಿದ್ರಾರೋಗದ ಅನುಮಾನ ಇರಲೇಬೇಕು. ಬೆಂಗಳೂರಿಗೆ ಮರಳಿದ ಮೇಲೆ ಹೀಗಾದರೆ ಯಾವ ದೇಶದ ಯಾವ ಉದ್ಯಾನಕ್ಕೆ ಹೋಗಿದ್ದಿರಿ ಎಂದು ವೈದ್ಯರಿಗೆ ನೀವೇ ಮೊದಲು ಹೇಳಿ. ಮಲೇರಿಯಾಕ್ಕೆ ನೋಡುವ ರಕ್ತಲೇಪದಲ್ಲೇ ನಿದ್ರಾರೋಗದ ಪರಾವಲಂಬಿಯೂ ಸೂಕ್ಷ್ಮದರ್ಶಕಕ್ಕೆ ಕಾಣಬಹುದು, ಆದರೆ ಹುಡುಕಲು ಹೇಳಬೇಕು. ಮಲೇರಿಯಾದ ಕಾರ್ಡ್ ಪರೀಕ್ಷೆ ಮಾತ್ರ ಮಾಡಿ ನೆಗೆಟಿವ್ ಎಂದು ಕಳಿಸಿದರೆ ಒಪ್ಪಬೇಡಿ, ಆ ಕಾರ್ಡಿನಲ್ಲಿ ಇದು ಕಾಣಿಸುವುದೇ ಇಲ್ಲ.